ಇನ್ನೊಬ್ಬರು ಹಾಲುಕ್ಕಿಸಿದ ಮನೆ

ನಿಮ್ಮ ಮನೆಗೆ ಎಷ್ಟು ಮೆಟ್ಟಿಲು ಎಂದು ಡಾಕ್ಟರು ಕೇಳಿದಾಗ ನಾನು ಮೂವತ್ತು ಎಂದೆ. ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ ಅಕ್ಕ, "ಐವತ್ತರ ಮೇಲಿದೆ ಕಣೋ" ಎಂದಳು. ಅವಳು ನನ್ನ ಫ್ಲ್ಯಾಟಿಗೆ ಬಂದಿರುವುದು ಒಟ್ಟು ಮೂರೋ ನಾಲ್ಕೋ ಸಲ. ನಾನು ಅಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಮೂವತ್ತಾದರೂ ಅಷ್ಟೆ, ಐವತ್ತಾದರೂ ಅಷ್ಟೆ, ಆರು ವಾರ ಮೆಟ್ಟಿಲು ಹತ್ತುವಂತಿಲ್ಲ ಎಂದರು. ಮಂಡಿ ಬದಲಿಸುವಾಗ ಮೂಳೆ ಅವರು ಅಂದುಕೊಂಡದ್ದಕ್ಕಿಂತ ಟೊಳ್ಳಾಗಿ ಕಂಡಿತಂತೆ. ದಿನಾ ಆಸ್ಪತ್ರೆಗೆ ಬಂದು ಫಿಸಿಯೋಥೆರಪಿ ಮಾಡಿಸಿಕೊಳ್ಳಬೇಕು. ಶನಿವಾರ ಡಿಸ್ಚಾರ್ಜ್. ಅಂದು ಸೋಮವಾರ.

ಸಂಜೆ ಮನೆಗೆ ಹೋಗುವಾಗ ಎಣಿಸಿದೆ. ಐವತ್ತನಾಲ್ಕು.

ಅಕ್ಕನ ಊರು ನರಸೀಪುರದಿಂದ ಆಚೆ. ಅಲ್ಲಿ ಫಿಸಿಯೋಥೆರಪಿ ಇಲ್ಲ, ಕಕ್ಕಸು ಹಿತ್ತಲಲ್ಲಿದೆ. ಭಾವ ಬಿತ್ತನೆಯ ಹೊತ್ತಿನಲ್ಲಿ ಹೊಲ ಬಿಟ್ಟು ಬರುವಂತಿರಲಿಲ್ಲ, ಭಾನುವಾರಕ್ಕೊಮ್ಮೆ ಬಂದು ಹೋಗುತ್ತೇನೆ ಎಂದಿದ್ದರು. ಹೀಗಾಗಿ ಬೇಕಾದದ್ದು ಇಷ್ಟು: ನೆಲಮಟ್ಟದ ಒಂದು ಮನೆ, ಕೂರುವ ಕಮೋಡು, ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷದ ದಾರಿ, ಎರಡು ತಿಂಗಳ ಮಟ್ಟಿಗೆ. ಇಷ್ಟು ದೊಡ್ಡ ಮೈಸೂರಿನಲ್ಲಿ ಇದೇನು ದೊಡ್ಡ ವಿಷಯ ಎಂದುಕೊಂಡೆ. ಈ ಊರು ನನಗೆ ಗೊತ್ತು ಎಂಬ ಭ್ರಮೆ ಆಗ ಇನ್ನೂ ಇತ್ತು.

"ನಾನು ಅವತ್ತೇ ಹೇಳ್ಲಿಲ್ವಾ?" ಎಂದಳು ಅಕ್ಕ ಮರುದಿನ ಬೆಳಿಗ್ಗೆ.

"ಯಾವತ್ತು?"

"ಆಪರೇಷನ್‌ಗೆ ಮುಂಚೆ. ಫೋನಲ್ಲಿ. ಮೆಟ್ಲು ನನ್ ಕೈಲಾಗಲ್ಲ, ಆಷಾಢ ಹುಟ್ಟೋದ್ರೊಳಗೆ ಒಂದು ಕೆಳಗಡೆ ಮನೆ ನೋಡಿ ಹಾಲುಕ್ಕಿಸಿಬುಡು ಅಂದೆ. ನೀನು ಹೂಂ ಅಂದೆ."

ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ನಾನು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದವನು. ಒಬ್ಬ ಸಾಕ್ಷಿಯ ಮಾತನ್ನು ಹಾಗೇ ಒಪ್ಪಬಾರದು ಎಂದು ಕಲಿತೆ, ಮುಂದೆ ಬೇರೆಯವರಿಗೂ ಕಲಿಸಿದೆ. ಆದರೆ ಇಲ್ಲಿ ಇದ್ದ ಸಾಕ್ಷಿಗಳು ಇಬ್ಬರೇ, ಅವರಲ್ಲಿ ಒಬ್ಬನಿಗೆ ತನ್ನ ಮನೆಯ ಮೆಟ್ಟಿಲೇ ಗೊತ್ತಿರಲಿಲ್ಲ. ಫೋನಿನಲ್ಲಿ ಅಕ್ಕ ಮಾತಾಡುವಾಗ ನಾನು ಬೇರೇನಾದರೂ ಓದುತ್ತಾ ಹೂಂಗುಟ್ಟುವುದುಂಟು. ಹಾಗೇ ಆಗಿರಬಹುದು. ಇಲ್ಲವೇ, ಹೇಳಬೇಕೆಂದು ಅವಳು ನೂರು ಸಲ ಅಂದುಕೊಂಡು, ಹೇಳಿಯೇಬಿಟ್ಟೆ ಎಂದು ನಂಬಿರಬಹುದು. ವಾದಿಸುವ ಹಾಗಿರಲಿಲ್ಲ. ಅವಳ ಮಂಡಿಗೆ ಇಪ್ಪತ್ತೆಂಟು ಹೊಲಿಗೆ ಹಾಕಿದ್ದರು.

ಮಂಗಳವಾರ ಇಡೀ ದಿನ ಫೋನಿನಲ್ಲಿ ಹುಡುಕಿದೆ. ಹೊಸ ಅಪಾರ್ಟ್‌ಮೆಂಟುಗಳು ಬೇಕಾದಷ್ಟಿದ್ದವು. ಒಂದೊಂದನ್ನೇ ಹೋಗಿ ನೋಡಿದ ಮೇಲೆ ತಿಳಿಯಿತು, ಅವುಗಳಲ್ಲಿ ನೆಲಮಟ್ಟದಲ್ಲಿ ಕಾರುಗಳು ಇರುತ್ತವೆ, ಮನುಷ್ಯರು ಕಾರುಗಳ ಮೇಲಿರುತ್ತಾರೆ. ಗ್ರೌಂಡ್ ಫ್ಲೋರ್ ಎಂದು ಬರೆದುಕೊಂಡ ಒಂದು ಮನೆಗೆ ಹೋದರೆ ರಸ್ತೆಯಿಂದ ಹದಿನಾಲ್ಕು ಮೆಟ್ಟಿಲು. "ಇದನ್ನ ಗ್ರೌಂಡ್ ಫ್ಲೋರ್ ಅಂತಾರಾ?" ಎಂದೆ ವಾಚ್‌ಮನ್ನನಿಗೆ. ಅವನು ಕೆಳಗಿದ್ದ ಕಾರುಗಳನ್ನು ತೋರಿಸಿ, "ಅದು ಸ್ಟಿಲ್ಟು ಸಾರ್" ಎಂದ. ಲಿಫ್ಟ್ ಇದ್ದ ಕಡೆ ದಿನದ ಲೆಕ್ಕದ ಬಾಡಿಗೆ, ಪ್ರವಾಸಿಗಳಿಗೆ. ಅಲ್ಲಿ ಮಂಡಿ ಮಡಚಲಾಗದ ಹೆಂಗಸಿಗೆ ಗಂಜಿ ಕಾಯಿಸಲು ಒಲೆ ಇರಲಿಲ್ಲ. ಚಹಾ ಮಾಡಿಕೊಳ್ಳಲು ಒಂದು ಕೆಟಲ್ ಇತ್ತು, ಗೋಡೆಯ ಮೇಲೆ ಅರಮನೆಯ ಫೋಟೋ ಇತ್ತು.

ಬುಧವಾರ ಫೋನು ಬಿಟ್ಟು ಬ್ರೋಕರನ್ನು ಹಿಡಿದೆ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಜೊತೆಗೆ ಮನೆ ತೋರಿಸುವ ಕೆಲಸವನ್ನೂ ಮಾಡುತ್ತಿದ್ದವನು.

"ಎಷ್ಟು ಜನ ಸಾರ್?"

"ಇಬ್ಬರು. ನಾನು, ನಮ್ಮಕ್ಕ."

"ಫ್ಯಾಮಿಲಿ ಇಲ್ವಾ?"

"ಅಕ್ಕ ಫ್ಯಾಮಿಲಿ ಅಲ್ವೇನ್ರೀ?"

"ಅಂಗಲ್ಲ ಸಾರ್, ಓನರ್ ಕೇಳ್ತಾರೆ ಅಂತ ಕೇಳ್ದೆ. ಎಷ್ಟು ತಿಂಗ್ಳಿಗೆ?"

"ಎರಡು."

ಅವನು ಜೆರಾಕ್ಸ್ ಮಷೀನಿನ ಮುಚ್ಚಳ ಮುಚ್ಚಿದ. "ಎರಡು ತಿಂಗ್ಳಿಗೆ ಯಾರ್ ಸಾರ್ ಕೊಡ್ತಾರೆ? ನೀವು ಕರ್ಟನ್ ಕಟ್ಟೋ ಹೊತ್ಗೆ ಬಿಚ್ಚೋ ಟೈಮ್ ಆಗೋಗಿರ್ತದೆ. ಅದ್ರಲ್ಲೂ ಆಷಾಢ."

"ಆಷಾಢದಲ್ಲಿ ಯಾರೂ ಮನೆ ಬದಲಾಯಿಸಲ್ಲ ತಾನೇ? ಹಾಗಾದ್ರೆ ಮನೆಗಳು ಖಾಲಿ ಇರ್ಬೇಕಲ್ಲ?"

"ಇವೆ ಸಾರ್. ಖಾಲಿನೇ ಇವೆ."

"ಮತ್ತೆ?"

"ಆಷಾಢ ಅಂತ ತಾನೇ ಸಾರ್ ಖಾಲಿ ಇರೋದು?"

ಹೊಸ ಮನೆಗೆ ಹೋಗುವವರು ಮೊದಲು ಅಲ್ಲಿ ಒಲೆ ಹಚ್ಚಿ ಹಾಲುಕ್ಕಿಸಬೇಕು, ಉಕ್ಕಿದ ಮೇಲೇ ಮನೆ ಅವರದು, ಆಷಾಢದಲ್ಲಿ ಹಾಲುಕ್ಕಿಸುವ ಹಾಗಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆಸ್ಪತ್ರೆಗಳು ಆಷಾಢದಲ್ಲಿ ಬಾಗಿಲು ಹಾಕುವುದಿಲ್ಲ, ಮಂಡಿಗಳು ಶ್ರಾವಣಕ್ಕೆಂದು ಕಾಯುವುದಿಲ್ಲ. ಇದನ್ನು ಅವನಿಗೆ ಸಾಕಷ್ಟು ಉದ್ದವಾಗಿಯೇ ವಿವರಿಸಿದೆ. ಕೊನೆಗೆ, "ನಾನು ಇದನ್ನೆಲ್ಲ ನಂಬಲ್ಲ ಕಣ್ರೀ" ಎಂದೆ.

"ನೀವು ನಂಬೋದೇನೂ ಬೇಡ ಸಾರ್," ಎಂದ ಅವನು, "ಓನರ್ ನಂಬ್ತಾರಲ್ಲ, ಸಾಕು."

ಆದರೂ ಅಂದು ನಾಲ್ಕು ಮನೆ ತೋರಿಸಿದ. ಮೊದಲನೆಯದಕ್ಕೆ 'ಒಂದೇ ಮೆಟ್ಲು ಸಾರ್' ಎಂದಿದ್ದ, ಐದಿದ್ದವು. ಎರಡನೆಯದರಲ್ಲಿ ಕಮೋಡು ಇರಲಿಲ್ಲ. ಮೂರನೆಯ ಮನೆ ಎಲ್ಲ ರೀತಿಯಲ್ಲೂ ಸರಿಯಾಗಿತ್ತು. ಮನೆಯ ಯಜಮಾನರು ಕಾಫಿ ಕೊಟ್ಟು, ನಮ್ಮ ಊರು ಯಾವುದು, ತಂದೆಯವರು ಏನು ಮಾಡುತ್ತಿದ್ದರು, ಮನೆದೇವರು ಯಾವುದು ಎಂದು ಒಂದೊಂದಾಗಿ ಕೇಳಿ, ಬೇಕಾದ ಉತ್ತರ ಸಿಕ್ಕಿದ ಕೂಡಲೇ, "ಅಡುಗೆಮನೇಲಿ ಮೊಟ್ಟೆನೂ ಮಾಡಂಗಿಲ್ಲ, ನಿಮಗೆ ಕಷ್ಟ ಆಗುತ್ತೆ ಸಾರ್" ಎಂದು ನನ್ನ ಪರವಾಗಿ ತಾವೇ ನೊಂದುಕೊಂಡರು. ನಾಲ್ಕನೆಯ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ. ಕಿಟಕಿಯಿಂದಲೇ, "ಆಷಾಢ ಕಳೀಲಿ, ಬನ್ನಿ" ಎಂದರು. ಬ್ರೋಕರು ತನ್ನ ಬೈಕು ತಿರುಗಿಸಿದ. ನಾನು ಹೇಳಿರ್ಲಿಲ್ವಾ ಎಂದಿದ್ದರೆ ಚೆನ್ನಾಗಿತ್ತು, ಅವನ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬಹುದಿತ್ತು.

ಗುರುವಾರ ಒಬ್ಬನೇ ನಜರ್‌ಬಾದಿಗೆ ಹೋದೆ. ಅಲ್ಲಿಂದ ಆಸ್ಪತ್ರೆ ಹತ್ತಿರ, ಹಳೆಯ ಮನೆಗಳೆಲ್ಲ ನೆಲಮಟ್ಟದವು. ಮೇಲಾಗಿ ಎಂ.ಎ. ಓದುವಾಗ ಎರಡು ವರ್ಷ ಅಲ್ಲಿ ರೂಮು ಮಾಡಿಕೊಂಡಿದ್ದೆ. ಹಿಂದೆ ಬಾವಿ ಇದ್ದ ಮನೆ. ಬೆಳಿಗ್ಗೆ ನಾನೇ ನೀರು ಸೇದಿ ಸ್ನಾನ ಮಾಡುತ್ತಿದ್ದೆ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಹಗ್ಗ ಕೈಗೆ ಉಜ್ಜಿ ಆದ ಗಾಯದ ಸಮೇತ. ಆ ಬೀದಿಯನ್ನು ಹುಡುಕುತ್ತಾ ಒಂದು ಗಂಟೆ ನಡೆದೆ. ಇದೇ ಇರಬೇಕು ಅನ್ನಿಸಿದ ಬೀದಿಯಲ್ಲಿ, ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದರು. ಕೈಗೆಲ್ಲ ಎಣ್ಣೆ ಸವರಿಕೊಂಡಿದ್ದರು. ಬಾಡಿಗೆಗೆ ಮನೆ ಇದೆಯೇ ಎಂದು ಕೇಳಿದೆ. ನಂಬಿಕೆ ಬರಲಿ ಎಂದು, "ಈ ಬೀದಿಯಲ್ಲೇ ಎರಡು ವರ್ಷ ಇದ್ದೆ ಅಮ್ಮ, ಬಾವಿ ಇತ್ತಲ್ಲ, ಆ ಮನೆಯಲ್ಲಿ" ಎಂದೂ ಸೇರಿಸಿದೆ.

"ಯಾವ ಬಾವಿ?"

"ಇಲ್ಲೇ ಎಲ್ಲೋ ಇತ್ತಲ್ಲ ಅಮ್ಮ. ಈಗ ಮುಚ್ಚಿರಬಹುದು."

"ಈ ಬೀದೀಲಿ ಬಾವಿ ಇರ್ಲಿಲ್ಲ ಕಣಪ್ಪ. ನಾನು ಮದ್ವೆಯಾಗಿ ಬಂದು ನಲವತ್ತಾರು ವರ್ಷ ಆಯ್ತು. ಬೀದಿ ನಲ್ಲೀಲಿ ಕೊಡ ಇಟ್ಕಂಡು ದಿನಾ ಜಗಳ ಆಡಿರೋಳು ನಾನು. ಬಾವಿ ಇದ್ದಿದ್ರೆ ಯಾಕೆ ಜಗಳ ಆಡ್ತಿದ್ದೆ?"

ಇದಕ್ಕಿಂತ ಗಟ್ಟಿಯಾದ ಆಧಾರವನ್ನು ನಾನು ಯಾವ ಪ್ರಬಂಧದಲ್ಲೂ ಕಂಡಿಲ್ಲ.

"ಮನೆ ಕೇಳಕ್ಕೆ ಬರೋರೆಲ್ಲ ಇಲ್ಲೇ ಇದ್ದೆ, ಅಲ್ಲೇ ಇದ್ದೆ ಅಂತಾರೆ ಬುಡಿ," ಎಂದು ಅವರು ಮತ್ತೆ ಹಲಸಿನ ತೊಳೆಗೆ ಕೈ ಹಾಕಿದರು.

ಆ ಹೊತ್ತಿಗೆ ನನಗೆ ಸುಸ್ತಾಗಿತ್ತು. ಕಾಲು ನೋಯುತ್ತಿತ್ತು. "ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ ಅಮ್ಮ. ಬೇರೆ ಬೀದಿ ಇರಬಹುದು. ಬಾವಿಯೂ ಬೇರೆ ಎಲ್ಲೋ ನೋಡಿದ್ದಿರಬಹುದು. ನನಗೆ ಈಚೆಗೆ ಏನೂ ಸರಿಯಾಗಿ ಜ್ಞಾಪಕ ಇರಲ್ಲ" ಎಂದೆ. ಅಕ್ಕನ ಮಂಡಿ, ಐವತ್ತನಾಲ್ಕು ಮೆಟ್ಟಿಲು, ಶನಿವಾರ, ಎಲ್ಲವನ್ನೂ ಹೇಳಿದೆ.

ಅವರು ಕೈ ನಿಲ್ಲಿಸಿದರು. "ಒಳಗೆ ಬಾಗಿಲ ಪಕ್ಕ ಮೊಳೇಲಿ ಬೀಗದ ಕೈ ಇದೆ. ನನ್ ಕೈಯೆಲ್ಲ ಮೇಣ. ನೀವೇ ತಕಂಬನ್ನಿ."

ಹಿತ್ತಲಿನಲ್ಲಿ ಎರಡು ಕೋಣೆಯ ಒಂದು ಭಾಗವಿತ್ತು. ಸ್ಕೂಟರು ಹತ್ತಿಸಲೆಂದು ಗೇಟಿನಿಂದ ಬಾಗಿಲವರೆಗೂ ಸಿಮೆಂಟಿನ ಇಳಿಜಾರು. ಮೆಟ್ಟಿಲೇ ಇಲ್ಲ. ಬಚ್ಚಲಿನಲ್ಲಿ ಕಮೋಡು. "ನಮ್ಮ ಮಾವನೋರಿಗೆ ಅಂತ ಹಾಕ್ಸಿದ್ದು" ಎಂದರು. ನಾನು ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆ. ಆದರೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಒಲೆ, ಬೋರಲು ಹಾಕಿದ ಪಾತ್ರೆ, ನೀರು ತುಂಬಿದ ತಾಮ್ರದ ಚೊಂಬು, ಒಂದು ಪೊಟ್ಟಣ ಉಪ್ಪು, ಅರಿಸಿನ ಕುಂಕುಮದ ಬಟ್ಟಲು ಇದ್ದವು. ಒಲೆಯ ಸುತ್ತ ಹಾಲಿನ ಕಲೆ ಒಣಗಿತ್ತು.

"ಯಾರೋ ಇದ್ದಾರಾ?"

"ಯಾರೂ ಇಲ್ಲ. ಬರ್ತಾರೆ. ಮೇಟಗಳ್ಳಿಯೋರು, ಗಂಡ ಹೆಂಡ್ತಿ. ಆಷಾಢ ಹುಟ್ಟೋ ಹಿಂದಿನ ದಿನ ಬಂದು ಹಾಲುಕ್ಕಿಸ್ಬುಟ್ಟು ಹೋದ್ರು. ಸಾಮಾನು ತರೋದು ಶ್ರಾವಣದಲ್ಲಿ. ಆಗ್ಲೂ ಒಳ್ಳೆ ದಿನ ನೋಡ್ಕಂಡು."

"ಅಲ್ಲೀತನಕ ಮನೆ ಹೀಗೇ ಬೀಗ ಹಾಕ್ಕೊಂಡು ಇರುತ್ತಾ?"

"ಇರತ್ತೆ. ಹಾಲುಕ್ಕಿದ ಮೇಲೆ ಮನೆ ಅವರದೇ ಅಲ್ವಾ?"

ಹೀಗೆ, ಈ ಊರಿನಲ್ಲಿ ನನಗೆ ಬೇಕಾದ ಒಂದೇ ಒಂದು ಮನೆ ಒಂದು ಲೀಟರ್ ಹಾಲಿನ ದೆಸೆಯಿಂದ ಖಾಲಿಯಾಗಿ ನಿಂತಿತ್ತು. ಸಿಟ್ಟು ತಲೆಗೆ ಹತ್ತಿ, ನಾನು ಇದನ್ನೆಲ್ಲ ನಂಬಲ್ಲ ಎಂದೆ. ಆಗಲೇ ಆ ಉಪಾಯ ಹೊಳೆಯಿತು. ಅಕ್ಕ ಈಗ ಅದು ಆ ಅಮ್ಮ ಹೇಳಿದ್ದು ಎನ್ನುತ್ತಾಳೆ. ನನಗೆ ನೆನಪಿರುವ ಹಾಗೆ ನಾನೇ ಹೇಳಿದ್ದು, ಆದರೆ ಬಾವಿಯ ವಿಷಯದಲ್ಲೂ ನನಗೆ ನೆನಪಿತ್ತು. ಯಾರು ಹೇಳಿದರೋ, ಮಾತು ಇದು: ಹಾಲು ಆಗಲೇ ಉಕ್ಕಿದೆ. ಹೊಸದಾಗಿ ಯಾರೂ ಮನೆ ಹೊಗುತ್ತಿಲ್ಲ. ಆ ಮೇಟಗಳ್ಳಿಯವರ ನೆಂಟರೊಬ್ಬರು ಕಾಯಿಲೆಯೆಂದು ಬಂದು ನಾಲ್ಕು ದಿನ ಅವರ ಮನೆಯಲ್ಲಿ ಇದ್ದರೆ ಆಷಾಢ ಅದಕ್ಕೆ ಏನು ಅಡ್ಡಿ ಮಾಡುತ್ತದೆ?

ಅಮ್ಮ ನಕ್ಕರು. "ನಂಬಲ್ಲ ಅನ್ನೋರೇ ನಂಬೋರಿಗಿಂತ ಚೆನ್ನಾಗಿ ಲೆಕ್ಕ ಹಾಕ್ತೀರಪ್ಪ. ನನ್ನದೇನೂ ಇಲ್ಲ. ಮೇಟಗಳ್ಳಿಯೋಳು ಒಪ್ಬೇಕು. ಇದು ಫೋನಲ್ಲಿ ಕೇಳೋ ಮಾತಲ್ಲ, ಹೋಗಿ ಕೇಳಿ."

ಅಂದು ಸಂಜೆಯೇ ಮೇಟಗಳ್ಳಿಗೆ ಹೋದೆ. ಕಾರ್ಖಾನೆಗಳ ಹಿಂದಿನ ಸಾಲು ಮನೆಗಳಲ್ಲಿ ಒಂದು. ಕಂಪನಿಯ ವ್ಯಾನು ಓಡಿಸುವ ಗಂಡ ಮನೆಯಲ್ಲಿದ್ದ, ಹೆಂಡತಿ ಗಾರ್ಮೆಂಟ್ಸಿನಲ್ಲಿ ಎರಡನೇ ಪಾಳಿ. ನಾನು ಹೇಳಿದ್ದನ್ನೆಲ್ಲ ಅವನು ತಲೆಯಾಡಿಸಿ ಕೇಳಿ, "ಅವಳ್ನೇ ಕೇಳ್ಬೇಕು ಸಾರ್. ಹಾಲುಕ್ಸಿರೋಳು ಅವಳು" ಎಂದ.

"ನೀವು ಮನೆ ಯಜಮಾನರಲ್ವಾ?"

"ಬಾಡಿಗೆ ಮಾತಾಡೋಕೆ ನಾನು ಸಾರ್. ಹಾಲಿಗೆ ಅವಳು. ನಾಳೆ ಬೆಳಿಗ್ಗೆ ಬನ್ನಿ."

ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಅವಳಿಲ್ಲ. ಅಂದು ಆಷಾಢದ ಶುಕ್ರವಾರ. ನಾಲ್ಕು ಗಂಟೆಗೇ ಎದ್ದು ಪಕ್ಕದ ಮನೆಯವರ ಜೊತೆ ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದಳು. "ಹತ್ತಕ್ಕೆಲ್ಲ ಬಂದ್ಬುಡ್ತಾಳೆ" ಎಂದು ಕುರ್ಚಿ ಹಾಕಿ ಗಂಡ ಡ್ಯೂಟಿಗೆ ಹೋದ. ನಾನು ಬಾಗಿಲ ಹೊರಗೆ, ಗೊತ್ತಿಲ್ಲದವರ ಕುರ್ಚಿಯ ಮೇಲೆ, ಬೀಗ ಹಾಕಿದ ಮನೆಗೆ ಕಾವಲಿನವನ ಹಾಗೆ ಕೂತೆ. ಹತ್ತಾಯಿತು, ಹನ್ನೊಂದೂವರೆಯಾಯಿತು. ಅವಳ ಫೋನಿಗೆ ಮಾಡಿದರೆ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಎದುರು ಮನೆಯ ಅಜ್ಜಿ ಎರಡು ಸಲ ಬಂದು ನೋಡಿ, "ಕ್ಯೂನಲ್ಲಿ ನಿಂತಿರ್ತಾಳೆ. ಹೋದ್ವಾರ ನಂಗೆ ಐದು ಗಂಟೆ ಹಿಡೀತು" ಎಂದು ಸಮಾಧಾನ ಹೇಳಿದಳು. ಹನ್ನೆರಡಕ್ಕೆ ಆಸ್ಪತ್ರೆಯಿಂದ ಫೋನು. ನಾಳೆ ಹನ್ನೊಂದರೊಳಗೆ ಬೆಡ್ಡು ಖಾಲಿ ಮಾಡಬೇಕು, ಬೇರೆಯವರು ಕಾಯುತ್ತಿದ್ದಾರೆ. ಆಯಿತು ಎಂದೆ. ಇನ್ನೇನು ಹೇಳುವುದು? ನನ್ನಕ್ಕ ಎಲ್ಲಿಗೆ ಹೋಗಬೇಕೆಂಬುದು ಬೆಟ್ಟದ ಮೇಲಿನ ಕ್ಯೂ ಎಷ್ಟು ಬೇಗ ಮುಂದೆ ಸರಿಯುತ್ತದೆ ಎಂಬುದರ ಮೇಲೆ ನಿಂತಿತ್ತು. ಮೂವತ್ತು ವರ್ಷ ಓದಿದ್ದು, ಪಾಠ ಹೇಳಿದ್ದು, ವಾದ ಮಾಡಿದ್ದು ಯಾವುದೂ ಆ ಕ್ಯೂವನ್ನು ಒಂದು ಹೆಜ್ಜೆ ಮುಂದೆ ಸರಿಸಲಾರದು.

ಎರಡು ಗಂಟೆಗೆ ಬಂದಳು. ಮೂವತ್ತೈದರ ಹೆಂಗಸು, ಬರಿಗಾಲು, ಕೈಯಲ್ಲಿ ಪ್ರಸಾದದ ದೊನ್ನೆ. ಅದನ್ನು ನನಗೂ ಕೊಟ್ಟಳು. ಹಸಿದಿದ್ದೆ, ಪೂರ್ತಿ ತಿಂದೆ.

"ನಮ್ಮೆಜಮಾನ್ರು ಹೇಳುದ್ರು ಅಣ್ಣ," ಎಂದಳು. "ನಾನೇ ಇನ್ನೂ ಒಂದು ರಾತ್ರಿ ಮಲಗಿಲ್ಲ ಆ ಮನೇಲಿ. ಬೇರೆಯೋರು ಎಂಗೆ ಇರ್ತಾರೆ?"

"ನೆಂಟರು ಅಂತ ಅಂದ್ಕೊಳಮ್ಮ. ಒಂದು ಮಾತಿಗೆ."

"ನೆಂಟ್ರು ಅಂದ್ರೆ ನಾನು ನೋಡಿರ್ಬೇಕಲ್ವಾ? ಮುಖ ನೋಡದ ನೆಂಟ್ರು ಯಾರಿರ್ತಾರೆ?"

ಆಟೋ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಬೆಟ್ಟದ ಅಲಂಕಾರದ ಮಾತಾಡಿದಳು, ನಾನು ಹೂಂಗುಟ್ಟಿದೆ. ಅಕ್ಕನ ಮಂಚದ ಪಕ್ಕ ಕೂತು ಇಬ್ಬರೂ ಊರು ವಿಚಾರಿಸಿದರು. ಅವಳ ತವರು ಬನ್ನೂರಿನ ಹತ್ತಿರ. ಅಕ್ಕನ ಓರಗಿತ್ತಿಯ ತವರೂ ಅದರ ಪಕ್ಕದ ಹಳ್ಳಿ. ಅಕ್ಕ ಹೊದಿಕೆ ಸರಿಸಿ ಮಂಡಿ ತೋರಿಸಿದಳು. ಅವಳು ಹೊಲಿಗೆಗಳನ್ನು ಬಗ್ಗಿ ನೋಡಿ, "ಅಯ್ಯೋ, ಓವರ್‌ಲಾಕ್ ಹಾಕ್ದಂಗೆ ಹಾಕವ್ರಲ್ಲಕ್ಕ" ಎಂದಳು. ಗಾರ್ಮೆಂಟ್ಸಿನವಳ ಕಣ್ಣು. ಅಕ್ಕ ಆಪರೇಷನ್ ಆದ ಮೇಲೆ ಮೊದಲ ಸಲ ನಕ್ಕದ್ದು ಆಗ.

"ಆಯ್ತು ಬನ್ನಿ ಅಕ್ಕ, ಇರಿ" ಎಂದಳು ಅವಳು ಕೊನೆಗೆ.

ನನಗೆ ಉಸಿರು ಬಂತು. ಆದರೆ ಅಕ್ಕ, "ನಾನು ಬರಲ್ಲ ಕಣಮ್ಮ" ಎಂದುಬಿಟ್ಟಳು.

ಆ ಕ್ಷಣ ನನಗೆ ಅವಳ ಮೇಲೆ ಬಂದ ಸಿಟ್ಟನ್ನು ಇಲ್ಲಿ ಪೂರ್ತಿ ಬರೆಯಲಾರೆ. ನಾಲ್ಕು ದಿನ ಬೀದಿ ಸುತ್ತಿದವನು ನಾನು.

"ಏನಕ್ಕ ನಿನ್ನದು?"

"ನೀನು ಸುಮ್ನಿರು. ಇವಳು ಹಾಲುಕ್ಕಿಸಿದ್ದಾಳೆ ಅಷ್ಟೆ. ಒಂದು ಅನ್ನ ಮಾಡಿ ಉಂಡಿಲ್ಲ. ಅವಳ ಒಲೇಲಿ ಮೊದಲ ಅನ್ನ ನಾನು ಬೇಯ್ಸೋದಾ? ನಾಳೆ ಆ ಮನೇಲಿ ಅವಳಿಗೆ ಏನಾರ ಒಂದು ಹೆಚ್ಚು ಕಮ್ಮಿ ಆದ್ರೆ?"

"ಹೋಟ್ಲಿಂದ ತಂದ್ಕೊಡ್ತೀನಿ."

"ಆರು ವಾರ ಹೋಟ್ಲೂಟ ಉಂಡು ಮಂಡಿ ಗಟ್ಟಿ ಮಾಡ್ಕೋತೀನಾ?"

ನಾನು ಮುಂದೆ ಏನಾದರೂ ಕೆಟ್ಟದಾಗಿ ಹೇಳುವ ಮೊದಲು ಆ ಹೆಂಗಸು, "ಅಷ್ಟೇ ತಾನೇ ಅಕ್ಕ? ಇವತ್ತು ಬೆಟ್ಟಕ್ಕೆ ಅಂತ ರಜ ಹಾಕಿದ್ದೆ, ನಾಳೇನೂ ಹಾಕ್ಬುಡ್ತೀನಿ. ನಾನೇ ಬಂದು ಅನ್ನ ಮಾಡಿ ಬಡಿಸ್ತೀನಿ. ಆಮೇಲೆ ಒಲೆ ನೀವು ಉರಿಸ್ಕಳಿ" ಎಂದಳು. ಅಕ್ಕ, "ಹಂಗಾದ್ರೆ ಸರಿ" ಎಂದಳು. ಇಬ್ಬರಿಗೂ ಅದು ಅಲ್ಲಿಗೆ ಮುಗಿದಿತ್ತು. ನನಗೆ ಮಾತ್ರ ಯಾರಿಗೆ ಯಾವಾಗ ಬಾಡಿಗೆ ಕೊಡುವುದು, ಮನೆ ಯಾವತ್ತು ಬಿಡುವುದು, ಕಾಗದದಲ್ಲಿ ಏನಿರುತ್ತದೆ ಎಂಬ ಪ್ರಶ್ನೆಗಳೆಲ್ಲ ಹಾಗೇ ಉಳಿದಿದ್ದವು. ನಜರ್‌ಬಾದಿನ ಅಮ್ಮನಿಗೆ ಫೋನು ಮಾಡಿ ಕೇಳಿದೆ. "ನೆಂಟರ ಹತ್ರ ಯಾರಾದ್ರೂ ಅಗ್ರಿಮೆಂಟ್ ಬರೆಸ್ಕೋತಾರಾ?" ಎಂದರು.

ಶನಿವಾರ ಹನ್ನೊಂದಕ್ಕೆ ಆಟೋ ಇಳಿಜಾರಿನವರೆಗೂ ಬಂತು. ಅಕ್ಕ ವಾಕರ್ ಹಿಡಿದು ಬಾಗಿಲ ತನಕ ನಡೆದಳು. ಅಲ್ಲಿ ನಿಂತಳು. ನಾನು ಆ ಮನೆಯನ್ನು ಗುರುವಾರವೇ ನೋಡಿದ್ದೆ, ಮೆಟ್ಟಿಲಿಲ್ಲ ಎಂದು ಡಾಕ್ಟರಿಗೂ ಹೇಳಿದ್ದೆ. ಬಾಗಿಲಿಗೆ ನಾಲ್ಕು ಬೆರಳೆತ್ತರದ ಮರದ ಹೊಸಿಲು ಇದ್ದದ್ದು ನನ್ನ ನೆನಪಿನಲ್ಲೇ ಇರಲಿಲ್ಲ.

ಎತ್ತರಕ್ಕೆ ಹೆಜ್ಜೆ ಇಡುವಾಗ ಆಪರೇಷನ್ ಆಗದ ಕಾಲನ್ನು ಮೊದಲು ಇಡಬೇಕು ಎಂದು ಫಿಸಿಯೋದವರು ಹತ್ತು ಸಲ ಹೇಳಿ ಕಳಿಸಿದ್ದರು. ಅಕ್ಕನಿಗೆ ಆಪರೇಷನ್ ಆದದ್ದು ಬಲಗಾಲು.

"ಎಡಗಾಲು ಅಕ್ಕ," ಎಂದೆ.

"ಎಡಗಾಲಿಟ್ಟು ಮನೆಯೊಳಗೆ ಹೋಗ್ತಾರೇನೋ?"

"ಬಲಗಾಲಿಟ್ರೆ ಬೀಳ್ತೀಯ."

"ಗೊತ್ತು ಕಣೋ. ಅದಕ್ಕೇ ನಿಂತಿರೋದು."

ಬಿಸಿಲು ಏರುತ್ತಿತ್ತು. ಅವಳು ಪೂರ್ತಿ ಭಾರವನ್ನು ವಾಕರಿನ ಮೇಲೆ ಬಿಟ್ಟಿದ್ದಳು. ಆಟೋದವನು ಹಾರ್ನ್ ಮಾಡಿದ. ಮೂಳೆ ಟೊಳ್ಳು ಎಂದದ್ದು, ಬಿದ್ದರೆ ಮತ್ತೆ ಮೊದಲಿನಿಂದ ಎಂದದ್ದು, ಎಲ್ಲವನ್ನೂ ಅವಳ ಕಿವಿಗೆ ಹಾಕಿದೆ. ಎಲ್ಲವನ್ನೂ ಒಪ್ಪಿಕೊಂಡು ಅಲ್ಲೇ ನಿಂತಳು. ಎತ್ತಿಕೊಂಡು ಹೋಗಲೇ ಎಂದೆ. "ಮುಟ್ಟಬೇಡ" ಎಂದಳು.

ಒಳಗಿನಿಂದ ಮೇಟಗಳ್ಳಿಯ ಹೆಂಗಸು ಸೌಟು ಹಿಡಿದುಕೊಂಡೇ ಬಂದಳು. ಬೆಳಿಗ್ಗೆ ಎಂಟಕ್ಕೇ ಬಂದು ಅಡುಗೆಗೆ ಇಟ್ಟಿದ್ದಳು. ಏನಾಗಿದೆ ಎಂದು ನೋಡಿದಳು. ಯಾರೂ ಅವಳಿಗೆ ಹೇಳಬೇಕಾಗಲಿಲ್ಲ.

"ಬಲಗಾಲು ಮನೆಯೋರ್ಗೆ ಕಣಕ್ಕ. ನಾನು ಅವತ್ತೇ ಇಟ್ಟಾಗ್ಯದೆ. ನೀವು ನೆಂಟ್ರು, ಯಾವ ಕಾಲಾದ್ರೂ ಇಡಿ, ಬನ್ನಿ."

ಅಕ್ಕ ವಾಕರನ್ನು ಹೊಸಿಲಿನಾಚೆ ಇಟ್ಟು, ಎಡಗಾಲು ಎತ್ತಿ, ಒಳಗೆ ಹೋದಳು.

ಅನ್ನ, ತೊಗರಿಬೇಳೆ ಸಾರು, ಹೀರೇಕಾಯಿ ಪಲ್ಯ. ಅಕ್ಕನಿಗೆ ಕುರ್ಚಿಯ ಮೇಲೆ ತಟ್ಟೆ, ನನಗೆ ನೆಲದ ಮೇಲೆ. ಮನೆಯೊಡತಿ ಅಮ್ಮನೂ ಮುಂದಿನ ಮನೆಯಿಂದ ಬಂದು ಒಂದು ತುತ್ತು ತಿಂದು ಹೋದರು. ಬಡಿಸಿದವಳು ಕೊನೆಗೆ ತಾನೂ ಉಂಡು, ಪಾತ್ರೆ ತೊಳೆದು ಬೋರಲು ಹಾಕಿ, ಚೀಲ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಒಂದು ಗಳಿಗೆ ಇಬ್ಬರು ಹೆಂಗಸರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊರಡುವವಳು ಮನೆಯವಳು, ಉಳಿಯುವವಳು ನೆಂಟಳು. ಹೋಗಿ ಬರ್ತೀನಿ ಎಂದು ಯಾರು ಹೇಳುವುದು, ಕುಂಕುಮ ಯಾರು ಯಾರಿಗೆ ಕೊಡುವುದು? ಅಕ್ಕ ಕಟ್ಟೆಯ ಮೇಲಿದ್ದ ಅವಳದೇ ಬಟ್ಟಲು ತರಲು ನನಗೆ ಹೇಳಿ, ಕೂತಲ್ಲಿಂದಲೇ ಅವಳ ಹಣೆಗೆ ಇಟ್ಟಳು. ಅವಳು ಅದೇ ಬಟ್ಟಲಿನಿಂದ ಅಕ್ಕನ ಹಣೆಗೆ ಇಟ್ಟಳು.

ನಾನು ಗೇಟಿನವರೆಗೂ ಹೋದೆ. ಮರ್ಯಾದೆಗೆ ಎಂದರೆ ಸುಳ್ಳಾಗುತ್ತದೆ. ನನಗೆ ಒಂದು ವಿಷಯ ಇತ್ಯರ್ಥವಾಗಬೇಕಿತ್ತು. ಅವರು ಶ್ರಾವಣದಲ್ಲಿ ಬರುವ ದಿನಕ್ಕೆ ಅಕ್ಕನಿಗೆ ಐದು ವಾರವೇ ಆಗಿರುತ್ತಿತ್ತು. ಡಾಕ್ಟರು ಹೇಳಿದ್ದು ಆರು.

"ಕೊನೇ ವಾರ ಏನು ಮಾಡೋದಮ್ಮ? ನೀವು ಬರೋದನ್ನ ಒಂದು ವಾರ ಮುಂದಕ್ಕೆ ಹಾಕೋಕೆ ಆಗುತ್ತಾ?"

"ದಿನ ನೋಡಿ ಆಗ್ಯದೆ ಅಣ್ಣ. ಅದು ಬದಲಾಗಲ್ಲ."

"ಹಾಗಾದ್ರೆ ಒಂದು ವಾರಕ್ಕೆ ಮತ್ತೆ ಎಲ್ಲಿ ಹುಡುಕಲಿ ನಾನು?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ ತಮಾಷೆಯೇನೂ ಇರಲಿಲ್ಲ. "ಯಾಕ್ ಹುಡುಕ್ತೀರ? ಅವರು ಇಲ್ಲೇ ಇರ್ತಾರಲ್ಲ. ನಾವು ಅಡ್ಗೆಮನೆ ಪಕ್ಕದ ರೂಮಲ್ಲಿ ಇರ್ತೀವಿ, ಅಕ್ಕ ನಡುಮನೇಲಿ ಮಲಗ್ಲಿ. ನೆಂಟ್ರು ಅಂತ ನೀವೇ ಅಲ್ವಾ ಹೇಳಿದ್ದು?"

ಒಂದು ಮಾತಿಗೆ ಎಂದು ನಾನು ಹೇಳಿದ್ದೆ. ಹೇಳಿದ್ದು ಚೆನ್ನಾಗಿ ನೆನಪಿದೆ. ಅದನ್ನು ಈಗ ಅವಳಿಗೆ ವಿವರಿಸುವುದು ಹೇಗೆ? ಹಾಗೆ ಯಾರೂ ಮಾಡುವುದಿಲ್ಲ, ಹೊಸ ಮನೆಗೆ ಬಂದ ಮೊದಲ ವಾರ ಗುರುತಿಲ್ಲದ ರೋಗಿಯನ್ನು ಯಾರೂ ನಡುಮನೆಯಲ್ಲಿ ಮಲಗಿಸಿಕೊಳ್ಳುವುದಿಲ್ಲ, ಬಂದ ಮೇಲೆ ಮನಸ್ಸು ಬದಲಾದರೆ ನಾನು ಏನು ಮಾಡಲಿ, ಒಂದು ಚೀಟಿಯಲ್ಲಾದರೂ ಬರೆದುಕೊಡಿ ಎಂದೆಲ್ಲ ಶುರು ಮಾಡಿದೆ. ಅವಳು ಚೀಲದ ಹಿಡಿ ಸರಿಮಾಡಿಕೊಳ್ಳುತ್ತಾ ರಸ್ತೆಯ ಕಡೆ ನೋಡುತ್ತಿದ್ದಳು.

ಹಿಂದಿನಿಂದ ಅಕ್ಕನ ದನಿ ಬಂತು. ವಾಕರ್ ಹಿಡಿದು ತಾನೇ ಎದ್ದು ಬಾಗಿಲಿಗೆ ಬಂದು ನಿಂತಿದ್ದಳು.

"ಒಳಗೆ ಬಾರೋ. ಅವಳಿಗೆ ಬಸ್ಸು ತಪ್ಪೋಗುತ್ತೆ."